ಅಲ್ಲಮನ ಎದುರು ಅಕ್ಕ: ಶೂನ್ಯಸಂಪಾದನೆಯ ಭೇಟಿಗಳು

ಮೆಚ್ಚಿದ ವಚನಕಾರರನ್ನು ಕಣ್ಣೆದುರು ಕಾಣುವುದು, ಕಂಡಾಗ ಏನು ಕೇಳಬೇಕು, ಹೇಗೆ ನಿಲ್ಲಬೇಕು ಎಂಬುದನ್ನೇ ವಸ್ತುವಾಗಿಸಿಕೊಂಡ ಕನ್ನಡ ಕೃತಿ ಶೂನ್ಯಸಂಪಾದನೆ. ಅದರ ಕೇಂದ್ರದಲ್ಲಿರುವ ಅಲ್ಲಮಪ್ರಭು ಬಳ್ಳಿಗಾವಿಯವನು. ಶರಣರನ್ನು ಅರಸಿ ಕಲ್ಯಾಣಕ್ಕೆ ಬರುವ ಅಕ್ಕಮಹಾದೇವಿ ಉಡುತಡಿಯವಳು. ಎರಡೂ ಊರುಗಳು ಇಂದಿನ ಶಿಕಾರಿಪುರ ತಾಲ್ಲೂಕಿಗೆ ಸೇರಿವೆ. ಒಂದೇ ಸೀಮೆಯ ಇಬ್ಬರು ದೂರದ ಕಲ್ಯಾಣದಲ್ಲಿ ಮುಖಾಮುಖಿಯಾಗುವ ಪ್ರಸಂಗ ಈ ಕೃತಿಯ ಅತ್ಯಂತ ಪ್ರಸಿದ್ಧ ಭಾಗ.

ಅಂಥ ಮುಖಾಮುಖಿಯ ವಾದ, ವಿಚಾರಣೆ ಇವರಿಬ್ಬರ ಹುಟ್ಟುಸೀಮೆಗೆ ಹೊಸತಾಗಿರಲಿಲ್ಲ. ಬಳ್ಳಿಗಾವಿಯ ಕೋಡಿಯಮಠದಲ್ಲಿ ವೇದ, ವ್ಯಾಕರಣ, ದರ್ಶನ, ಪುರಾಣ, ನಾಟಕಗಳ ಪಾಠ ನಡೆಯುತ್ತಿತ್ತೆಂದೂ ದೀನರಿಗೆ, ಪರದೇಶಿಗಳಿಗೆ ಅನ್ನ ದೊರೆಯುತ್ತಿತ್ತೆಂದೂ 1162ರ ಶಾಸನ ವಿವರಿಸುತ್ತದೆ. ನೆರೆಯ ಸೊರಬ ತಾಲ್ಲೂಕಿನ ಕುಪ್ಪಟೂರಿನಲ್ಲಿ 11ನೆಯ ಶತಮಾನದ ಬಸದಿಯೊಂದಕ್ಕೆ ಅಗ್ರಹಾರದ ಬ್ರಾಹ್ಮಣರೇ ಬ್ರಹ್ಮ ಜಿನಾಲಯವೆಂದು ಹೆಸರಿಟ್ಟರು. ಬೇರೆ ಬೇರೆ ಮತದವರು ಒಬ್ಬರ ಮಾತನ್ನೊಬ್ಬರು ಕೇಳುತ್ತಿದ್ದ ನೆಲ ಇದು.

ಆದರೆ ಅಕ್ಕ, ಅಲ್ಲಮರ ಕಲ್ಯಾಣದ ಆ ಭೇಟಿ ರಗಳೆಯ ಕವಿ ಹರಿಹರನಲ್ಲಿ ಇಲ್ಲ. ಅವನ ಮಹಾದೇವಿಯಕ್ಕನ ರಗಳೆಯಲ್ಲಿ ಅಕ್ಕ ಅರಸ ಕೌಶಿಕನನ್ನು ತೊರೆದು ಶ್ರೀಶೈಲಕ್ಕೆ ಹೋಗುತ್ತಾಳೆ. ದಾರಿಯಲ್ಲಿ ಕಲ್ಯಾಣವೂ ಇಲ್ಲ, ಅಲ್ಲಮನೂ ಇಲ್ಲ. ಅವನದೇ ಪ್ರಭುದೇವರ ರಗಳೆಯಲ್ಲಿ ಬರುವ ಭೇಟಿಯೇ ಬೇರೆ. ನಲ್ಲೆ ಕಾಮಲತೆಯನ್ನು ಕಳೆದುಕೊಂಡ ಮದ್ದಳೆಗಾರ ಅಲ್ಲಮನಿಗೆ ನೆಲದಲ್ಲಿ ಹುದುಗಿದ ಕಳಸವೊಂದು ಕಾಣುತ್ತದೆ. ಅಗೆದರೆ ಗುಡಿ, ಗುಡಿಯೊಳಗೆ ಗುರು ಅನಿಮಿಷ. ಲಿಂಗವು ಗುರುವಿನ ಕೈಯಿಂದ ಶಿಷ್ಯನ ಕೈಗೆ ಬರುತ್ತದೆ, ಗುರುವಿನ ಪ್ರಾಣ ಹೋಗುತ್ತದೆ. ಅಲ್ಲಿ ಮಾತಿಗೆ ಎಡೆಯೇ ಇಲ್ಲ.

ಶೂನ್ಯಸಂಪಾದನೆ ಮಾತಿನಿಂದಲೇ ಕಟ್ಟಿದ ಕೃತಿ. ಬೇರೆ ಬೇರೆ ಸಂದರ್ಭಗಳಲ್ಲಿ ಹುಟ್ಟಿರಬಹುದಾದ ವಚನಗಳನ್ನು ಸಂಪಾದನಕಾರರು ಪ್ರಶ್ನೆ, ಉತ್ತರಗಳಾಗಿ ಜೋಡಿಸಿ, ನಡುವೆ ಗದ್ಯದ ಕೊಂಡಿ ಹಾಕಿದರು. ಹೀಗೆ ಭೇಟಿ ಇತಿಹಾಸದ ದಾಖಲೆಯಾಗುವುದಕ್ಕಿಂತ ಹೆಚ್ಚಾಗಿ ಕಲೆಯ ಸೃಷ್ಟಿಯಾಗುತ್ತದೆ. ಇದರಿಂದ ಕೃತಿಯ ಬೆಲೆ ಕುಗ್ಗುವುದಿಲ್ಲ. ಸಂಪಾದನಕಾರರು ಕನ್ನಡಕ್ಕೆ ಕೊಟ್ಟ ನಾಟಕೀಯ ಸಂವಾದಕ್ಕೆ ಸಾಟಿಯಾದುದು ಹಳೆಯ ಸಾಹಿತ್ಯದಲ್ಲಿ ಅಪರೂಪ.

ಈ ಸಂವಾದಗಳಲ್ಲಿ ಹೊಗಳಿಕೆ ಬರುವುದು ಪರೀಕ್ಷೆಯ ಆಮೇಲೆ. ಕಲ್ಯಾಣಕ್ಕೆ ಬಂದ ಅಕ್ಕನನ್ನು ಅಲ್ಲಮ ಮೊದಲು ಸ್ವಾಗತಿಸುವುದಿಲ್ಲ. ಗಂಡ ಯಾರೆಂದು ಕೇಳುತ್ತಾನೆ. ಸೀರೆಯನ್ನು ತೊರೆದ ಮೇಲೆ ಮೈಯನ್ನು ಕೂದಲಿನಿಂದ ಮುಚ್ಚುವುದೇಕೆ ಎಂದು ಕೆಣಕುತ್ತಾನೆ. ಒಳಗು ಹಣ್ಣಾಗದೆ ಹೊರಗಿನ ಸಿಪ್ಪೆ ಕಳಚದು, ನೋಡುವವರಿಗೆ ನೋವಾಗದಿರಲೆಂದು ಮುಚ್ಚಿದ್ದು ಎಂಬರ್ಥದ ಅಕ್ಕನ ಉತ್ತರ, ಕೇಳಿದವನನ್ನೇ ಪರೀಕ್ಷೆಗೆ ಒಡ್ಡುತ್ತದೆ. ಅಣ್ಣನೂ ಗುರುವೂ ಆಗಿದ್ದ ಅಜಗಣ್ಣನಿಗಾಗಿ ಅಳುತ್ತಿರುವ ಮುಕ್ತಾಯಕ್ಕನಂತೂ, ನುಡಿಯ ಹಂಗು ಇನ್ನೂ ಹಿಂಗಿಲ್ಲವಲ್ಲ ಎಂದು ಪ್ರಭುವನ್ನೇ ತಡೆದು ನಿಲ್ಲಿಸುತ್ತಾಳೆ. ಬಸವಣ್ಣನಿಗೂ ವಿನಾಯಿತಿ ಇಲ್ಲ. ಪೂಜೆಯಲ್ಲಿದ್ದ ಅವನು ಬಾಗಿಲಿಗೆ ಬಂದ ಪ್ರಭುವನ್ನು ಕರೆತರಲು ಹಡಪದ ಅಪ್ಪಣ್ಣನನ್ನು ಕಳಿಸಿದರೆ, ಪ್ರಭು ಒಳಗೆ ಕಾಲಿಡುವುದಿಲ್ಲ. ಬಸವಣ್ಣನೇ ಎದ್ದು ಬರಬೇಕಾಗುತ್ತದೆ. ಆರಾಧನೆಗಿಂತ ಎದುರಿಗಿರುವ ಮನುಷ್ಯ ದೊಡ್ಡವನು ಎಂಬುದನ್ನು ಇಷ್ಟು ಕಡಿಮೆ ಸಾಮಗ್ರಿಯಲ್ಲಿ ತೋರಿಸಿದ ಪ್ರಸಂಗ ವಿರಳ.

ಕೊರತೆಗಳೂ ಸಣ್ಣವಲ್ಲ. ತಕ್ಕಡಿ ಬಹುಮಟ್ಟಿಗೆ ಅಲ್ಲಮನ ಕಡೆಗೇ ವಾಲುತ್ತದೆ. ಸ್ವತಂತ್ರವಾಗಿ ನಿಲ್ಲಬಲ್ಲ ಅಕ್ಕನ ವಚನಗಳು ಇಲ್ಲಿ ಇನ್ನೊಬ್ಬರ ಪ್ರಶ್ನೆಗೆ ಕೊಟ್ಟ ಜವಾಬಾಗಿಬಿಡುತ್ತವೆ. ಒಬ್ಬಂಟಿ ಹೆಣ್ಣು ತನ್ನ ಮೈಯ ಬಗ್ಗೆ ಗಂಡಸರ ಸಭೆಯಲ್ಲಿ ಉತ್ತರ ಹೇಳಬೇಕಾದ ಏರ್ಪಾಡನ್ನು ಇಂದಿನ ಓದುಗ ತಕರಾರಿಲ್ಲದೆ ಒಪ್ಪಲಾರ, ಒಪ್ಪಲೂ ಬೇಕಿಲ್ಲ.

ತಲೆಮಾರುಗಳು ಈ ಭೇಟಿಗಳನ್ನು ತಿದ್ದುತ್ತಲೂ ಹೋದವು. ಶಿವಗಣಪ್ರಸಾದಿ ಮಹಾದೇವಯ್ಯನ ಮೊದಲ ಶೂನ್ಯಸಂಪಾದನೆಯಲ್ಲಿ ಸೊನ್ನಲಿಗೆಯ ಸಿದ್ಧರಾಮನಿಗೆ ಇಷ್ಟಲಿಂಗ ದೀಕ್ಷೆ ಆಗುವುದಿಲ್ಲ. ಅವನ ಅರಿವೇ ಸಾಕು. ಅವನ ಅನಂತರದ ಸಂಪಾದನಕಾರ ಹಲಗೆಯಾರ್ಯನಿಗೆ ಅದು ಒಪ್ಪಿಗೆಯಾಗದೆ ಚೆನ್ನಬಸವಣ್ಣನಿಂದ ದೀಕ್ಷೆ ಕೊಡಿಸಿದ. ಗುಮ್ಮಳಾಪುರದ ಸಿದ್ಧಲಿಂಗಯತಿ, ಗೂಳೂರು ಸಿದ್ಧವೀರಣ್ಣೊಡೆಯ ಆ ದಾರಿಯನ್ನೇ ಹಿಡಿದರು. ಸಿದ್ಧವೀರಣ್ಣೊಡೆಯನ ಕೃತಿ ಹೆಚ್ಚು ತುಂಬಿಕೊಂಡಿದೆ, ಹೆಚ್ಚು ಓದಿಸಿಕೊಂಡಿದೆ ಕೂಡ. ಆದರೂ ಸಿದ್ಧರಾಮನ ವಿಷಯದಲ್ಲಿ ಮಹಾದೇವಯ್ಯನದೇ ಹೆಚ್ಚು ಧೈರ್ಯದ ನಿಲುವು. ಅಲ್ಲಿ ಅಲ್ಲಮ, ಸಿದ್ಧರಾಮ ಎಂಬ ಇಬ್ಬರು ಸಾಧಕರು ಪರಸ್ಪರ ಗುರುತಿಸಿಕೊಳ್ಳುವುದಷ್ಟೇ ನಡೆಯುತ್ತದೆ. ಅನಂತರದ ಸಂಪಾದನೆಗಳಲ್ಲಿ ಆ ಗುರುತಿಗೆ ಮತಾಚಾರದ ಮುದ್ರೆ ಬೇಕಾಯಿತು.

ಶಿಕಾರಿಪುರದ ಈ ಇಬ್ಬರು ವಚನಕಾರರನ್ನು ಅರಿಯಬಯಸುವವರು ಶೂನ್ಯಸಂಪಾದನೆಯೊಂದನ್ನೇ ಹಿಡಿದು ಕೂರದೆ ಹರಿಹರನ ಎರಡೂ ರಗಳೆಗಳನ್ನು ಅದರ ಪಕ್ಕದಲ್ಲಿಟ್ಟುಕೊಂಡು ಓದಬೇಕು.