ಮರದೆಲುಬಿನ ರಥ

ನೈರೋಬಿಯ ನ್ಗಾಂಗ್ ರೇಸ್‌ಕೋರ್ಸಿನಲ್ಲಿ ಆಲ್ಫಾ ರೋಮಿಯೋ ಓನರ್ಸ್ ಕ್ಲಬ್ಬಿನವರು ನಡೆಸಿಕೊಂಡು ಬಂದಿರುವ, 1970ರಲ್ಲಿ ಮೊದಲ್ಗೊಂಡ ಕಾಂಕೂರ್ ಡೆಲಿಗಾನ್ಸ್ ಎಂಬ ವಾಹನಸೌಂದರ್ಯ ಸ್ಪರ್ಧೆಗೆ ಹೋಗುವ ಕನ್ನಡಿಗ ಮಿತ್ರರು, ಬಣ್ಣದ ಹೊಳಪಿಗೂ ಕ್ರೋಮಿಯಮ್ಮಿನ ಥಳಕಿಗೂ ಮನಸೋಲುವ ಮುನ್ನ, ಹಳೆಯ ಇಂಗ್ಲಿಷ್ ಕಾರೊಂದರ ಬಾಗಿಲನ್ನು ಒಡೆಯರ ಅನುಮತಿ ಪಡೆದು ಅರೆ ತೆರೆದು, ಅದರ ತುದಿಯನ್ನು ಮೆಲ್ಲನೆ ಮೇಲಕ್ಕೆತ್ತಿ ನೋಡಬೇಕೆಂಬುದು ನನ್ನ ಬಿನ್ನಹ. ತಿರುಗಣೆ ಸವೆದಿರದೆಯೂ ಬಾಗಿಲು ಜೋತಾಡಿದರೆ, ಬಾಗಿಲ ಕಂಬದೊಳಗಿನ ಮರ ಕೊಳೆತಿರಬಹುದೆಂದು ಶಂಕಿಸಬೇಕು.

ಮರವೆಂದೆನಷ್ಟೆ. ಮಹಾಯುದ್ಧಾನಂತರ, 1948ರಿಂದ 1953ರವರೆಗೆ, ಡೈಮ್ಲರ್ ಸಂಸ್ಥೆಯು ನಿರ್ಮಿಸಿದ ಡಿಬಿ18 ಸ್ಪೆಷಲ್ ಸ್ಪೋರ್ಟ್ಸ್ ಎಂಬ ಮಡಿಸುಮಾಡಿನ ಕಾರಿಗೆ, 1710ರಷ್ಟು ಹಿಂದೆಯೇ ಕುದುರೆಸಾರೋಟು ಕಟ್ಟತೊಡಗಿದ್ದ ಬಾರ್ಕರ್ ಮನೆತನದ ಹೆಸರಿನಲ್ಲಿ ಒಡಲು ಸಿದ್ಧವಾಗುತ್ತಿತ್ತು. ಆ್ಯಶ್ ಮರದ ಅಸ್ಥಿಪಂಜರ, ಅದರ ಮೇಲೆ ಕೈಯಿಂದ ಬಡಿದು ಬಾಗಿಸಿದ ಅಲ್ಯೂಮಿನಿಯಂ ತಗಡು; ಹಿಂದೆ ಒಬ್ಬನೇ ಒಬ್ಬನು ಅಡ್ಡಲಾಗಿ ಕೂರುವ ವಿಲಕ್ಷಣ ಆಸನ. ಒಟ್ಟು 600ರ ಆಸುಪಾಸಿನಷ್ಟೇ ಹುಟ್ಟಿದ ಈ ವಾಹನದಲ್ಲಿ, ಮುಂದೆ ಬೇಕಾಗುವ ಗಿಯರನ್ನು ಮೊದಲೇ ಆರಿಸಿಟ್ಟು, ಸಮಯ ಬಂದಾಗ ಪೆಡಲನ್ನೊತ್ತಿದರೆ ಸಾಕು.

ನೈರೋಬಿಯಂಥ ಊರಿನಲ್ಲಿ ಇಂಥ ಕಾರನ್ನು ಸಾಕುವುದು ಸುಲಭವಲ್ಲ. ಸುಮಾರು 1,700 ಮೀಟರ್ ಎತ್ತರದ ತೆಳುಗಾಳಿಗೆ ಕಾರ್ಬ್ಯುರೇಟರಿನ ಪೆಟ್ರೋಲ್ ಪ್ರಮಾಣವನ್ನು ತಗ್ಗಿಸಬೇಕು. ಅದು ಒಂದು ಗಳಿಗೆಯ ಕೆಲಸ. ಆದರೆ ಮಾರ್ಚ್‌ನಿಂದ ಮೇವರೆಗಿನ ದೀರ್ಘ ಮಳೆಯಲ್ಲಿ ಉಬ್ಬಿ, ನಡುವಣ ಒಣಹವೆಯಲ್ಲಿ ಕುಗ್ಗಿ, ಅಕ್ಟೋಬರಿನ ಬಳಿಕದ ಕಿರುಮಳೆಯಲ್ಲಿ ಮತ್ತೆ ಉಬ್ಬುವ ಮರವು ತನ್ನ ತಿರುಪುಗಳನ್ನು ತಾನೇ ಸಡಿಲಿಸಿಕೊಳ್ಳುತ್ತದೆ. ಬಾಗಿಲ ಕೆಳಗಿನ ನೀರ್ಗಂಡಿಗಳು ಕಟ್ಟಿಕೊಂಡರಂತೂ ಹೊರಗಿನ ಕಾಂತಿ ಮಾಸುವ ಮೊದಲೇ ಒಳಗಿನ ಎಲುಬು ಹುಡಿಯಾಗುತ್ತದೆ.

ದುರಸ್ತಿಗೆ ಮೂಲ ತಯಾರಕರ ಮೊರೆ ಹೋಗುವಂತೆಯೂ ಇಲ್ಲ: ಬಾರ್ಕರ್ ಸಂಸ್ಥೆಯನ್ನು ಒಳಗೊಂಡಿದ್ದ ಹೂಪರ್ ಸಂಸ್ಥೆಯೂ 1959ರಲ್ಲಿ ಒಡಲು ಕಟ್ಟುವುದನ್ನು ನಿಲ್ಲಿಸಿತು. ಅಚ್ಚೊತ್ತಿದ ಉಕ್ಕಿನ ಒಡಲಿನೆದುರು ಬಡಗಿಯ ಉಳಿ ಸೋತಿತು. ಇಂಗ್ಲೆಂಡಿನಲ್ಲಿ ವಿರಳವಾದ ಆ ಹಸ್ತಕೌಶಲವು ಇಲ್ಲಿ, ನೈರೋಬಿಯ ಕಮುಕುಂಜಿಯ ಜುವಾ ಕಾಲಿ ಕುಶಲಕರ್ಮಿಗಳಲ್ಲಿ ಬೇರೊಂದು ರೂಪದಿಂದ ಉಸಿರಾಡುತ್ತಿದೆ. 'ಉರಿಬಿಸಿಲು' ಎಂಬ ಅರ್ಥದ ಸ್ವಾಹಿಲಿ ಹೆಸರನ್ನು ಹೊತ್ತು, ಟ್ರಂಕು, ಒಲೆ, ಬಾಣಲೆಗಳನ್ನು ಸುತ್ತಿಗೆಯಿಂದ ಬಡಿದು ರೂಪಿಸುವ ಆ ಕುಶಲಕರ್ಮಿಗಳ ಕೈಗೆ, ಅಚ್ಚುಕಟ್ಟಾದ ಮಾದರಿಯೊಂದನ್ನು ಕೊಟ್ಟರೆ, ಮಡ್‌ಗಾರ್ಡಿನ ಬಾಗೂ ವಶವಾದೀತೆಂಬುದು ನನ್ನ ದೃಢವಾದ ನಂಬಿಕೆ.

ಆದಕಾರಣ, ಯಾರ ಶೆಡ್ಡಿನಲ್ಲಾದರೂ ಇಂಥದೊಂದು ಕಾರು ಧೂಳು ಹೊದ್ದು ಮಲಗಿದ್ದರೆ, ಮರವನ್ನು ಕಿತ್ತು ಕಬ್ಬಿಣದ ಕೊಳವೆಗಳನ್ನು ಬೆಸೆಯಲು ದಯವಿಟ್ಟು ಮುಂದಾಗಬೇಡಿ. ಕೊಳೆತ ತುಂಡನ್ನೂ ಬಿಸುಡಬೇಡಿ. ಹೊಸದನ್ನು ಕೆತ್ತುವ ಬಡಗಿಗೆ ಅಳತೆ ಹೇಳಬಲ್ಲುದು ಅದೊಂದೇ.