ಮಣ್ಣನ್ನು ನೋಡದ ಕಾನೂನು

ದೂಧಗಂಗೆಯ ದಂಡೆಯ ಬೇಡಕಿಹಾಳ ಸೀಮೆಯಲ್ಲಿ ಕಬ್ಬು, ತಂಬಾಕು, ಸೋಯಾ ಬೆಳೆಯುವ ಕಪ್ಪು ಮಣ್ಣಿದೆ. ನಿಪ್ಪಾಣಿ, ಚಿಕ್ಕೋಡಿ ಕಡೆ ಇಂಥ ಹೊಲ ರಸ್ತೆಗೆ ಹತ್ತಿದ್ದರೆ ಕೊಳ್ಳಲು ಬಂದವರು ಬೆಳೆಯನ್ನು ವಿಚಾರಿಸುವುದಿಲ್ಲ, ‘ಎನ್‌ಎ ಆಗೇತೇನು?’ ಎಂದು ಕೇಳುತ್ತಾರೆ. ಈ ಎನ್‌ಎಗೆ, ಅಂದರೆ ಹೊಲವನ್ನು ಕೃಷಿಯೇತರ ಬಳಕೆಗೆ ಬದಲಿಸುವುದಕ್ಕೆ, ದಾರಿ ಮಾಡಿಕೊಡುವ ಕಾನೂನು ಹೊಲವನ್ನು ಎಷ್ಟರ ಮಟ್ಟಿಗೆ ಕಾಯುತ್ತದೆ ಎಂದು ಪರಿಶೀಲಿಸಬೇಕಾದ ಕಾಲವಿದು.

1964ರ ಕರ್ನಾಟಕ ಭೂಕಂದಾಯ ಕಾಯ್ದೆಯ 95ನೇ ಕಲಮಿನ ಪ್ರಕಾರ ಹೊಲವನ್ನು ಬೇರೆ ಕೆಲಸಕ್ಕೆ ಬಳಸಲು ಸಾಮಾನ್ಯವಾಗಿ ಜಿಲ್ಲಾಧಿಕಾರಿಯ ಅನುಮತಿ ಬೇಕು. ಬೇರೆ ಕಾನೂನಿಗೆ ಧಕ್ಕೆಯಾದರೆ, ಜನರಿಗೆ ಉಪದ್ರವವಾದರೆ, ಸಾರ್ವಜನಿಕ ಹಿತಕ್ಕೆ ವಿರುದ್ಧವಾದರೆ ಅನುಮತಿ ನಿರಾಕರಿಸಬಹುದು. ಮಣ್ಣು ಎಂಥದು, ನೀರಾವರಿ ಇದೆಯೇ, ಎಷ್ಟು ಬೆಳೆ ಬರುತ್ತದೆ ಎಂಬುವು ಈ ಕಾರಣಗಳಲ್ಲಿ ಹೆಸರಿಸಿ ಸೇರಿಲ್ಲ. ನಾಲ್ಕು ತಿಂಗಳೊಳಗೆ ಉತ್ತರ ಬಾರದಿದ್ದರೆ ಅನುಮತಿ ಸಿಕ್ಕಿತೆಂದೇ ಭಾವಿಸಬೇಕು ಎಂಬ ಮಾತೂ ಅಲ್ಲಿತ್ತು. ಕಚೇರಿಯ ವಿಳಂಬಕ್ಕೆ ಹೊಲ ಬೆಲೆ ತೆರಬೇಕೆನ್ನುವ ಈ ತರ್ಕವೇ ನನಗೆ ಎಲ್ಲಕ್ಕಿಂತ ದೊಡ್ಡ ದೋಷವಾಗಿ ಕಾಣುತ್ತದೆ.

2013ರ ಭೂಸ್ವಾಧೀನ ಕಾಯ್ದೆ ಮಣ್ಣನ್ನು ಗಮನಿಸಿತು. ನೀರಾವರಿಯ ಬಹುಬೆಳೆ ಜಮೀನನ್ನು ಕೊನೆಯ ಉಪಾಯವಾಗಿ ಮಾತ್ರ ಪಡೆಯಬೇಕು ಎಂದಿತು. ಆದರೆ ಹೆದ್ದಾರಿ, ರೈಲು, ಕಾಲುವೆಯಂಥ ಉದ್ದನೆಯ ಯೋಜನೆಗಳನ್ನು ಆ ನಿಯಮದಿಂದ ಹೊರಗಿಟ್ಟಿತು. ಬೆಳಗಾವಿಯ ಹಲಗಾ-ಮಚ್ಛೆ ಬೈಪಾಸ್ ವಿರೋಧಿಸಿ ರೈತರು ವರ್ಷಗಟ್ಟಲೆ ಬೀದಿಗೂ ಕೋರ್ಟಿಗೂ ಅಲೆದರು. ದೇವನಹಳ್ಳಿ ತಾಲ್ಲೂಕಿನ 1777 ಎಕರೆಯ ಸ್ವಾಧೀನವನ್ನು 2025ರ ಜುಲೈನಲ್ಲಿ ಸರ್ಕಾರ ಕೈಬಿಟ್ಟದ್ದು ಮೂರು ವರ್ಷ ಮೀರಿದ ಧರಣಿಯ ಬಲದಿಂದ. ಹೊಲ ಉಳಿಸಿಕೊಳ್ಳಲು ಇಷ್ಟು ಹೋರಾಡಬೇಕಾದ ಕಡೆ ಕಾನೂನು ಅರ್ಧ ಕೆಲಸವನ್ನೂ ಮಾಡಿಲ್ಲ ಎನ್ನಬೇಕು. ಅಲ್ಲದೆ ಒಬ್ಬರು ಮಾರಿ ಇನ್ನೊಬ್ಬರು ಪ್ಲಾಟು ಹಾಕುವಾಗ ಈ ಸ್ವಾಧೀನ ಕಾಯ್ದೆಗೆ ಅಲ್ಲಿ ಕೆಲಸವೇ ಇಲ್ಲ.

ಕನ್ನಡಿಗರ ಕಾಸರಗೋಡಿನಲ್ಲೂ ಜಾರಿಯಲ್ಲಿರುವ ಕೇರಳದ 2008ರ ಗದ್ದೆ ಮತ್ತು ಜೌಗುನೆಲ ಸಂರಕ್ಷಣಾ ಕಾಯ್ದೆ ಬೇರೆ ದಾರಿ ಹಿಡಿದಿದೆ. ಯಾವ ಸರ್ವೆ ನಂಬರು ಗದ್ದೆ ಎಂಬುದನ್ನು ಮೊದಲೇ ಪಟ್ಟಿ ಮಾಡುತ್ತದೆ. ಪಂಚಾಯಿತಿ ಮಟ್ಟದ ಸಮಿತಿಯಲ್ಲಿ ಅಧಿಕಾರಿಗಳ ಜೊತೆ ಮೂವರು ರೈತರೂ ಕೂರುತ್ತಾರೆ. ಬೇರೆ ಜಾಗವಿಲ್ಲದ ಗದ್ದೆಯ ಮಾಲೀಕ ಹಳ್ಳಿಯಲ್ಲಿ ಮನೆ ಕಟ್ಟಿಕೊಳ್ಳಲು 10 ಸೆಂಟ್, ನಮ್ಮ ಲೆಕ್ಕದಲ್ಲಿ ನಾಲ್ಕು ಗುಂಟೆ, ಸಮಿತಿಯ ಶಿಫಾರಸಿನ ಮೇಲೆ ಪಡೆಯಬಹುದು. ಮನೆಯ ಅಗತ್ಯವನ್ನೂ ಗದ್ದೆಯ ಅಗತ್ಯವನ್ನೂ ಒಟ್ಟಿಗೆ ತೂಗಿದ್ದು ಇದರ ಹಿರಿಮೆ. ಪಟ್ಟಿಗೆ ಸೇರದ ಜಾಗವನ್ನು ಶುಲ್ಕ ಕಟ್ಟಿ ಸಕ್ರಮ ಮಾಡಿಕೊಳ್ಳಲು 2018ರ ತಿದ್ದುಪಡಿ ಅವಕಾಶ ಕೊಟ್ಟದ್ದು ಇದರ ಬಿರುಕು. ಪಟ್ಟಿ ಪೂರ್ತಿಯಾಗದ ಕಡೆ ಕಾಯ್ದೆ ಸೋರುತ್ತದೆ.

ನಮ್ಮ ಭಾಗಕ್ಕೆ ಈ ಪಾಠ ಇನ್ನೂ ತುರ್ತಿನದು. ಕೃಷ್ಣೆಯ ಬಯಲಲ್ಲಿ, ಅಥಣಿ, ಕಾಗವಾಡ, ರಾಯಬಾಗದ ಕಡೆ, ಅತಿ ನೀರಾವರಿಯಿಂದ ಸವಳು-ಜವಳು ಹಿಡಿದ ಹೊಲಗಳಿವೆ. ಉಳಿದ ಒಳ್ಳೆಯ ಮಣ್ಣನ್ನು ಪ್ಲಾಟಿಗೆ ಬಿಟ್ಟುಕೊಡುವಷ್ಟು ಸಿರಿವಂತಿಕೆ ನಮಗಿಲ್ಲ. 2019ರ ಮಹಾಪೂರದ ಬಳಿಕ ಎತ್ತರದ ಜಾಗದಲ್ಲಿ ಮನೆ ಬೇಕೆನ್ನುವವರ ಬೇಡಿಕೆ ನ್ಯಾಯವಾದದ್ದು. ಅಂಥ ಜಾಗವನ್ನು ಗಾವಠಾಣಕ್ಕೆಂದು, ಅಂದರೆ ಮನೆಗಳ ನೆಲೆಗೆಂದು, ಊರೇ ಮೊದಲು ಗುರುತಿಸಿದರೆ ಹೊಲ ಮತ್ತು ಮನೆಯ ಜಗಳ ಅರ್ಧ ತೀರುತ್ತದೆ.

ಕಾನೂನೊಂದೇ ಸಾಲದು ಎಂಬುದೂ ಸತ್ಯ. 2025ರ ನವೆಂಬರಿನಲ್ಲಿ ಬೆಳಗಾವಿ ಜಿಲ್ಲೆಯ ಗುರ್ಲಾಪುರ ಕ್ರಾಸಿನಲ್ಲಿ ಬೆಳೆಗಾರರು ಟನ್ ಕಬ್ಬಿಗೆ 3500 ರೂಪಾಯಿ ಕೇಳಿ ಧರಣಿ ಕುಳಿತರು. ಬೆಳೆಗೆ ನ್ಯಾಯದ ದರ ಕೊಡದೆ ‘ಹೊಲ ಮಾರಬೇಡ’ ಎಂದು ಉಪದೇಶಿಸುವುದು ಅನ್ಯಾಯ.

ಆದರೂ ಕಾನೂನಿನ ತಿದ್ದುಪಡಿಯನ್ನು ಮುಂದೂಡುವಂತಿಲ್ಲ. 95ನೇ ಕಲಮಿನಲ್ಲಿ ಮಣ್ಣಿನ ಗುಣ ನಿರಾಕರಣೆಯ ಸ್ಪಷ್ಟ ಕಾರಣವಾಗಬೇಕು. ಸರ್ವೆ ನಂಬರಿನ ಪಟ್ಟಿ ಗ್ರಾಮಸಭೆಯ ಮುಂದೆ ಬರಬೇಕು. ನೀರಾವರಿ ಹೊಲದ ಮಟ್ಟಿಗೆ ಅಧಿಕಾರಿಯ ಮೌನವನ್ನು ಯಾವತ್ತೂ ಒಪ್ಪಿಗೆ ಎಂದು ಎಣಿಸಬಾರದು.