ಸಂಡೂರನ್ನು ಅಳೆಯಲಾಗದ ಸೂಚ್ಯಂಕ

ಕರ್ನಾಟಕದ ಪ್ರಾದೇಶಿಕ ಅಸಮತೋಲನದ ಚರ್ಚೆ ಎಲ್ಲಿಂದ ಹೊರಟರೂ ಡಾ. ಡಿ.ಎಂ. ನಂಜುಂಡಪ್ಪ ಸಮಿತಿಯ ವರದಿಗೆ ಬಂದು ನಿಲ್ಲುತ್ತದೆ. 2002ರಲ್ಲಿ ಸಲ್ಲಿಕೆಯಾದ ಈ ವರದಿಯನ್ನು ಆಡಳಿತ ಪಕ್ಷದವರೂ ವಿರೋಧ ಪಕ್ಷದವರೂ ಒಂದೇ ಬಗೆಯ ಗೌರವದಿಂದ ಉಲ್ಲೇಖಿಸುತ್ತಾರೆ. 114 ಹಿಂದುಳಿದ ತಾಲ್ಲೂಕುಗಳು, ಅವುಗಳಲ್ಲಿ 39 ಅತ್ಯಂತ ಹಿಂದುಳಿದವು, ಎಂಟು ವರ್ಷಕ್ಕೆ 31,000 ಕೋಟಿ ರೂಪಾಯಿ ಎಂಬ ಅಂಕಿಗಳು ಬಹುತೇಕರಿಗೆ ಬಾಯಿಪಾಠ. ಇಷ್ಟೊಂದು ಮನ್ನಣೆಗೆ ಈ ವರದಿ ಪೂರ್ತಿ ಅರ್ಹವಲ್ಲ. ಅದರ ಹೆಸರು ದೊಡ್ಡದಾದಷ್ಟೂ ಅದು ಕೇಳದೇ ಬಿಟ್ಟ ಪ್ರಶ್ನೆ ಮರೆಗೆ ಸರಿದಿದೆ.

ಸಲ್ಲಬೇಕಾದ ಶ್ರೇಯವನ್ನು ಮೊದಲು ಸಲ್ಲಿಸಬೇಕು. ಜಿಲ್ಲೆಯನ್ನು ಬಿಟ್ಟು ತಾಲ್ಲೂಕನ್ನು ಘಟಕವಾಗಿ ಹಿಡಿದದ್ದು ದಿಟ್ಟ ಹೆಜ್ಜೆ. ಜಿಲ್ಲೆಯ ಸರಾಸರಿಯೊಳಗೆ ಅಡಗಿದ್ದ ಬಡತನವನ್ನು ಅದು ಬಯಲಿಗೆಳೆಯಿತು. ದೇವದುರ್ಗದಂಥ ಹಿಂದುಳಿದ ತಾಲ್ಲೂಕಿನ ಹೆಸರು ಬೆಂಗಳೂರಿನ ಕಚೇರಿಗಳಲ್ಲಿ ಕೇಳಿಬಂದದ್ದರಲ್ಲಿ ಈ ವರದಿಯ ಪಾಲು ದೊಡ್ಡದು.

ತೊಡಕಿರುವುದು ಸೂಚ್ಯಂಕದಲ್ಲಿ. ಸಮಿತಿ 35 ಸೂಚಕಗಳನ್ನು ಕೂಡಿಸಿ ಪ್ರತಿ ತಾಲ್ಲೂಕಿಗೂ ಒಂದು ಅಂಕಿ ಕೊಟ್ಟಿತು. ರಾಜ್ಯದ ಸರಾಸರಿ 1. ಅದಕ್ಕಿಂತ ಕೆಳಗಿದ್ದದ್ದೆಲ್ಲ ಹಿಂದುಳಿದದ್ದು, 0.80ಕ್ಕಿಂತ ಕೆಳಗಿದ್ದದ್ದು ಅತ್ಯಂತ ಹಿಂದುಳಿದದ್ದು. ಸಾಕ್ಷರತೆ, ವೈದ್ಯರು, ರಸ್ತೆ, ಬ್ಯಾಂಕು, ದೂರವಾಣಿ ಇಂಥವನ್ನು ಎಣಿಸಿ ಏನೇನು ಇಲ್ಲ ಎಂಬುದನ್ನು ಈ ಲೆಕ್ಕ ಚೆನ್ನಾಗಿಯೇ ಹೇಳುತ್ತದೆ. ಏಕಿಲ್ಲ ಎಂದು ಕೇಳಿದರೆ ಅದರ ಬಳಿ ಉತ್ತರವಿಲ್ಲ. ತೊಗರಿ ಬೆಳೆಯುವ ಒಣಭೂಮಿಯ ಚಿಂಚೋಳಿ, ತುಂಗಭದ್ರಾ ಎಡದಂಡೆ ಕಾಲುವೆಯ ಭತ್ತದ ಸಿಂಧನೂರು, ಕಬ್ಬಿಣದ ಅದಿರಿನ ಸಂಡೂರು, ಮೂರೂ ಅತ್ಯಂತ ಹಿಂದುಳಿದವುಗಳ ಒಂದೇ ಪಟ್ಟಿಯಲ್ಲಿವೆ. ಮೂರಕ್ಕೂ ಬಂದಿರುವ ರೋಗ ಒಂದೇ ಅಲ್ಲ.

ಸಂಡೂರನ್ನೇ ನೋಡಿ. ದೇಶದ ಅತ್ಯುತ್ತಮ ಅದಿರಿನ ಒಂದು ಪಾಲು ಇರುವ ತಾಲ್ಲೂಕು ಬಡವಾಗಿ ಉಳಿದದ್ದೇಕೆ? ಉತ್ತರದ ದೊಡ್ಡ ಭಾಗ ರಾಜಧನದ ನಿಯಮದಲ್ಲಿದೆ. ಅದಿರಿನ ರಾಜಧನದ ದರ ನಿಗದಿಪಡಿಸುವುದು 1957ರ ಗಣಿ ಕಾಯ್ದೆಯಡಿ ಕೇಂದ್ರ ಸರ್ಕಾರ. 2009ರವರೆಗೆ ಅದು ಬೆಲೆಗೆ ತಕ್ಕಂತೆ ಇರಲಿಲ್ಲ, ಟನ್ನಿಗೆ ಇಷ್ಟು ರೂಪಾಯಿ ಎಂದಿತ್ತು. ಚೀನಾದ ಬೇಡಿಕೆಯಿಂದ ಅದಿರಿನ ಬೆಲೆ ಟನ್ನಿಗೆ ಸಾವಿರಾರು ರೂಪಾಯಿಗೆ ಏರಿದ್ದಾಗಲೂ ಉತ್ತಮ ದರ್ಜೆಯ ಅದಿರಿಗೆ ಸರ್ಕಾರದ ಕೈಗೆ ಬರುತ್ತಿದ್ದದ್ದು 27 ರೂಪಾಯಿ. ಬೆಲೆಯ ಶೇಕಡಾ 10ರ ಲೆಕ್ಕ ಬಂದದ್ದು 2009ರಲ್ಲಿ, ಶೇಕಡಾ 15 ಆದದ್ದು 2014ರಲ್ಲಿ. ಬಂದ ಆ ಅಲ್ಪ ಹಣವೂ ರಾಜ್ಯದ ಬೊಕ್ಕಸಕ್ಕೆ ಸೇರುತ್ತಿತ್ತು. ಗಣಿಗಾರಿಕೆಯಿಂದ ನಲುಗಿದ ಊರುಗಳಿಗಾಗಿ ಜಿಲ್ಲಾ ಖನಿಜ ಪ್ರತಿಷ್ಠಾನದಲ್ಲಿ ಒಂದು ಪಾಲು ಎತ್ತಿಡಬೇಕೆಂಬ ಕಾನೂನು ಬರಲು 2015 ಆಗಬೇಕಾಯಿತು. ಅಷ್ಟರಲ್ಲಿ ಅಕ್ರಮದ ಕಾರಣಕ್ಕೆ 2011ರಲ್ಲಿ ಸುಪ್ರೀಂ ಕೋರ್ಟೇ ಸಂಡೂರು ಇರುವ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನು ನಿಲ್ಲಿಸಿತ್ತು. ತಾಲ್ಲೂಕಿನಿಂದ ಹೊರಹೋದ ಸಂಪತ್ತೆಷ್ಟು, ತಿರುಗಿ ಬಂದದ್ದೆಷ್ಟು ಎಂದು ಕೇಳುವ ಸೂಚಕ ಆ 35ರಲ್ಲಿಲ್ಲ. ಆಸ್ಪತ್ರೆಯ ಹಾಸಿಗೆಗಳನ್ನು ಎಣಿಸಿ ಸಂಡೂರನ್ನು ಹಿಂದುಳಿದದ್ದು ಎಂದವರು ಅದರ ಮಡಿಲಿನಿಂದ ಲಾರಿಗಳಲ್ಲಿ ಹೋದದ್ದನ್ನು ಎಣಿಸಲಿಲ್ಲ.

ಇಲ್ಲಿ ವರದಿಯ ಸಮರ್ಥಕರ ಒಂದು ವಾದವನ್ನು ಎದುರಿಸಲೇಬೇಕು. ವರದಿ ಸರಿಯಾಗಿಯೇ ಇತ್ತು, ಅನುಷ್ಠಾನವಾಗಲಿಲ್ಲ ಎನ್ನುವುದು ಅವರ ನಿಲುವು. ಅನುಷ್ಠಾನ ತಡವಾದದ್ದು ನಿಜ. ವಿಶೇಷ ಅಭಿವೃದ್ಧಿ ಯೋಜನೆ ಶುರುವಾದದ್ದೇ 2007-08ರಲ್ಲಿ. ಆದರೆ ಈ ವಾದದಿಂದ ಚರ್ಚೆಯೆಲ್ಲ ಅನುದಾನದ ಸುತ್ತ ಗಿರಕಿ ಹೊಡೆಯುವಂತಾಗಿದೆ. ಎಷ್ಟು ಕೊಟ್ಟಿರಿ, ಎಷ್ಟು ಖರ್ಚಾಯಿತು, ಎಷ್ಟು ಉಳಿಯಿತು ಎಂಬ ಮೂರು ಪ್ರಶ್ನೆಗಳಾಚೆ ಯಾರೂ ಹೋಗುವುದಿಲ್ಲ. ಈ ವರದಿಯನ್ನು ಉತ್ತರ ಕರ್ನಾಟಕದ ದಸ್ತಾವೇಜು ಎಂದು ಹಿಡಿದವರೂ, ಹಾಗೆಂದೇ ದೂರವಿಟ್ಟವರೂ ಪಟ್ಟಿಯನ್ನು ಪೂರ್ತಿ ಓದಿದಂತಿಲ್ಲ. 114ರಲ್ಲಿ 55 ತಾಲ್ಲೂಕುಗಳು ದಕ್ಷಿಣದವು. ಇನ್ನೊಂದು ತುದಿಯಲ್ಲಿರುವವರು ತೆರಿಗೆ ಇಳಿಸಿ, ನಿಯಮ ಸಡಿಲಿಸಿ, ಬಂಡವಾಳ ತಾನಾಗಿಯೇ ಬರುತ್ತದೆ ಎನ್ನುವ ಅರ್ಥಶಾಸ್ತ್ರಜ್ಞರು. ಕೃಷಿಭೂಮಿ ಖರೀದಿಗಿದ್ದ ತಡೆಗಳಾದ ಭೂಸುಧಾರಣಾ ಕಾಯ್ದೆಯ 79ಎ, 79ಬಿ ಕಲಮುಗಳನ್ನು 2020ರಲ್ಲಿ ತೆಗೆದುಹಾಕಿದಾಗ ಸಂಭ್ರಮಿಸಿದವರು ಇವರು. ಆದರೆ ರಾಜ್ಯದ ಉತ್ಪನ್ನದ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಇಂದಿಗೂ ಬೆಂಗಳೂರು ನಗರ ಜಿಲ್ಲೆ ಒಂದರದ್ದೇ. ನಿಯಮ ಸಡಿಲವಾದದ್ದು ಇಡೀ ರಾಜ್ಯಕ್ಕೆ.

ತಾಲ್ಲೂಕುಗಳ ಹಿಂದುಳಿದಿರುವಿಕೆ ಕಾಲಕ್ರಮದಲ್ಲಿ ತೆರಿಗೆ ರಿಯಾಯಿತಿಯ ನಕ್ಷೆಗೂ ಆಧಾರವಾಯಿತು. ಕೈಗಾರಿಕಾ ನೀತಿಗಳು ರಾಜ್ಯವನ್ನು ವಲಯಗಳಾಗಿ ವಿಂಗಡಿಸಿ, ಹಿಂದುಳಿದೆಡೆಗೆ ಹೋಗುವ ಉದ್ಯಮಕ್ಕೆ ಮುದ್ರಾಂಕ ಶುಲ್ಕದ ವಿನಾಯಿತಿ, ಬಂಡವಾಳ ಸಹಾಯಧನ ನೀಡಿದವು. ಜಿಎಸ್‌ಟಿ ಈ ಲೆಕ್ಕದ ಬುಡವನ್ನೇ ಅಲುಗಾಡಿಸಿತು. ಮೊದಲು ಹೊಸ ಕಾರ್ಖಾನೆಗೆ ಮಾರಾಟ ತೆರಿಗೆ ಬಿಟ್ಟುಕೊಡಬಹುದಿತ್ತು. 2017ರ ನಂತರ ರಾಜ್ಯದ ಪಾಲಿನ ತೆರಿಗೆ ಸೇರುವುದು ಸರಕು ಬಳಕೆಯಾಗುವ ರಾಜ್ಯಕ್ಕೆ. ಯಾದಗಿರಿಯಲ್ಲಿ ತಯಾರಾದ ಔಷಧದ ಕಚ್ಚಾಸಾಮಗ್ರಿ ಹೈದರಾಬಾದಿಗೆ ಹೋದರೆ ಆ ಪಾಲು ಕರ್ನಾಟಕದ ಕೈತಪ್ಪುತ್ತದೆ. ಹೀಗಾಗಿ ಕರ್ನಾಟಕ ಕೊಡುವ ಪ್ರೋತ್ಸಾಹಧನಕ್ಕೆ ಎದುರಾಗಿ ಆ ಸರಕಿನಿಂದ ಅದರ ಬೊಕ್ಕಸಕ್ಕೆ ಬರುವುದು ಬಹಳ ಕಡಿಮೆ.

ಇದು ಊಹೆಯ ಉದಾಹರಣೆಯಲ್ಲ. ಯಾದಗಿರಿ ಜಿಲ್ಲೆಯ ಕಡೇಚೂರು–ಬಾಡಿಯಾಳದಲ್ಲಿ 3,000 ಎಕರೆಗೂ ಹೆಚ್ಚು ಭೂಮಿಯನ್ನು ಕೈಗಾರಿಕೆಗೆಂದು ರೈತರಿಂದ ಪಡೆಯಲಾಯಿತು. ರೈಲ್ವೆಯ ಬೋಗಿ ಕಾರ್ಖಾನೆಯ ಜೊತೆಗೆ ಅಲ್ಲಿಗೆ ಮುಖ್ಯವಾಗಿ ಬಂದದ್ದು ಔಷಧ ಮತ್ತು ರಾಸಾಯನಿಕ ಘಟಕಗಳು. ಕೈಗಾರಿಕೆ ಬಂತೇ ಎಂದರೆ ಬಂತು. ಆದರೆ ದುರ್ವಾಸನೆ, ಕಲುಷಿತ ನೀರು, ಊರಿನವರಿಗೆ ಸಿಗದ ಕೆಲಸ ಎಂಬ ಸುತ್ತಲಿನ ಹಳ್ಳಿಗಳ ದೂರು ನಿಂತಿಲ್ಲ. ಹಿಂದುಳಿದ ತಾಲ್ಲೂಕಿಗೆ ರಿಯಾಯಿತಿ ಸುಲಭವಾಗಿ ಹೋಗುತ್ತದೆ. ಅಷ್ಟೇ ಬಿಗಿಯಾದ ಮಾಲಿನ್ಯ ತಪಾಸಣೆ ಜೊತೆಗೆ ಹೋಗುವುದಿಲ್ಲ.

2024ರಲ್ಲಿ ಪ್ರೊ. ಎಂ. ಗೋವಿಂದ ರಾವ್ ಅಧ್ಯಕ್ಷತೆಯಲ್ಲಿ ಹೊಸ ಸಮಿತಿ ರಚನೆಯಾಯಿತು. ರಾವ್ ಸಾರ್ವಜನಿಕ ಹಣಕಾಸಿನ ತಜ್ಞರು, 14ನೇ ಹಣಕಾಸು ಆಯೋಗದ ಸದಸ್ಯರಾಗಿದ್ದವರು. ಆದ್ದರಿಂದಲೇ ಇಂಥ ಸಮಿತಿಯಿಂದ 114ರ ಪಟ್ಟಿಯ ಪರಿಷ್ಕರಣೆಗಿಂತ ಹೆಚ್ಚಿನದನ್ನು ಕೇಳಬೇಕು. ಪ್ರತಿ ತಾಲ್ಲೂಕಿನ ಎದುರು ಇನ್ನೆರಡು ಕಾಲಮುಗಳು ಬೇಕು: ಅಲ್ಲಿ ಹುಟ್ಟಿದ ತೆರಿಗೆ ಮತ್ತು ರಾಜಧನದಲ್ಲಿ ಅಲ್ಲಿಗೇ ಮರಳಿದ್ದೆಷ್ಟು, ಸ್ಥಳೀಯರಿಗೆ ದಕ್ಕಿದ ಪ್ರತಿ ಕಾಯಂ ಕೆಲಸಕ್ಕೆ ಬಿಟ್ಟುಕೊಟ್ಟ ರಿಯಾಯಿತಿ ಎಷ್ಟು. ಇದಕ್ಕೆ ಬೇಕಾದ ಕಡತಗಳು ಗಣಿ, ವಾಣಿಜ್ಯ ತೆರಿಗೆ, ಕೈಗಾರಿಕೆ ಇಲಾಖೆಗಳಲ್ಲಿ ಹಂಚಿಹೋಗಿವೆ. ಅವನ್ನು ತಾಲ್ಲೂಕುವಾರು ಒಂದೆಡೆ ತಂದು ಪ್ರಕಟಿಸಲು ಸರ್ಕಾರದ ಒಂದು ಆದೇಶ ಸಾಕು.